ಹುಳದ ಮನೆಯ ಗೃಹಪ್ರವೇಶ

"ಆಷಾಢ ಹುಟ್ಟೋದ್ರೊಳಗೆ ನನ್ನ ಸೂರು, ನನ್ನ ಒಲೆ! ಆಗ್ನಿಲ್ಲಾ ಅಂದ್ರೆ ಈ ಡೇರಿಗೆ ಇನ್ನೊಂದು ತೊಟ್ಟು ಹಾಲು ಹಾಕಕ್ಕಿಲ್ಲ!"

ಹೊಂಗನೂರಿನ ಹಾಲಿನ ಡೇರಿ ಮುಂದೆ, ಬೆಳಗಿನ ಆರೂವರೆಗೆ, ಕ್ಯಾನು ಹಿಡಿದು ಸಾಲಾಗಿ ನಿಂತಿದ್ದ ಹದಿನಾಲ್ಕು ಜನರ ಸಮ್ಮುಖದಲ್ಲಿ ವೆಂಕಟಲಕ್ಷ್ಮಮ್ಮ ಈ ಘೋರ ಪ್ರತಿಜ್ಞೆ ಮಾಡಿದಳು. ಹದಿಮೂರು ಜನ ಹಾಲು ಹಾಕಿ ಹೊರಟುಹೋದರು. ಹದಿನಾಲ್ಕನೆಯವನು ಅವಳ ಮೈದುನ ನಟರಾಜು. ಅವನು ಹೋಗಲಿಲ್ಲ.

"ಸೂರು ಎಲ್ಲೈತತ್ತಿಗೆ?"

"ಹುಳದ ಮನೆ ಐತಲ್ಲ. ನನ್ನ ಪಾಲಿನ ಅರ್ಧ."

"ಅದು ರೇಷ್ಮೆ ಹುಳ ಸಾಕೋ ಮನೆ. ಮನುಸ್ರು ಇರೋದಲ್ಲ!"

"ಮೂವತ್ತು ವರ್ಸ ಹುಳ ಸುಖವಾಗಿದ್ವು. ನಾನೊಬ್ಳು ಇರಕ್ಕಾಗಲ್ವಾ?"

ನಟರಾಜು ತಲೆ ಕೆರೆದುಕೊಂಡ. "ಆಯ್ತು. ಆದ್ರೆ ಆಷಾಢದೊಳಗೆ ನೀವು ಒಳಗೆ ಹೋಗ್ನಿಲ್ಲಾ ಅಂದ್ರೆ ಆ ಅರ್ಧ ನಂಗೆ ಬುಡಿ. ನಂಗೆ ಹುಳಕ್ಕೆ ಜಾಗ ಸಾಲ್ದು."

"ಬುಟ್ಟೆ ಹೋಗು!" ಎಂದಳು ವೆಂಕಟಲಕ್ಷ್ಮಮ್ಮ. ಸಾಕ್ಷಿಗೆ ಡೇರಿಯ ಕಾರ್ಯದರ್ಶಿ ಇದ್ದ.

ಗಂಡ ಮರಿಯಪ್ಪ ಸತ್ತು ಎರಡು ವರ್ಷವಾಗಿತ್ತು. ಅಣ್ಣತಮ್ಮಂದಿರು ಪಾಲಾದಾಗ ಹಳೇ ಮನೆ ತಮ್ಮನಿಗೆ ಹೋಯಿತು. ಅಣ್ಣನಿಗೆ ಒಂದಿಷ್ಟು ಹೆಚ್ಚಿನ ಹೊಲವೂ ಹೊಸ ಮನೆ ಕಟ್ಟುವ ಆಸೆಯೂ ಬಂದವು. ಹೊಲ ಉಳಿಯಿತು. ಆಸೆ ಅವನ ಜೊತೆ ಹೋಯಿತು. ಈಗ ಅವಳು ಮೈದುನನ ನಡುಮನೆಯಲ್ಲಿ, ಟಿವಿ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದಳು. ಯಾರೂ ಒಂದು ಕೆಟ್ಟ ಮಾತು ಆಡುತ್ತಿರಲಿಲ್ಲ. ಧಾರಾವಾಹಿಯಲ್ಲಿ ಅತ್ತೆ ಸೊಸೆ ರಾಜಿಯಾಗುವ ತನಕ ನಿದ್ದೆ ಮಾಡುವಂತಿರಲಿಲ್ಲ, ಅಷ್ಟೆ. ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕಬೇಕಾದರೂ ಓರಗಿತ್ತಿ ಲತಾಮಣಿಯ ಮುಖ ನೋಡಬೇಕಿತ್ತು. ಮಾಗಡಿಗೆ ಕೊಟ್ಟಿದ್ದ ಮಗಳು ಪುಟ್ಟಿ ಫೋನು ಮಾಡಿ, "ಇಲ್ಲಿಗೇ ಬಂದ್ಬುಡವ್ವ" ಅನ್ನುತ್ತಿದ್ದಳು. ಅಲ್ಲಿಯೂ ಒಂದು ಟಿವಿ ಇತ್ತು.

ಮಾರನೆಯ ದಿನವೇ ರಾಮನಗರದಿಂದ ಶುಕೂರ್ ಮೇಸ್ತ್ರಿ ಸ್ಕೂಟರಿನಲ್ಲಿ ಬಂದ. ಹುಳದ ಮನೆಯನ್ನು ಮೂರು ಸುತ್ತು ಸುತ್ತಿದ. ಉದ್ದ ನೋಡಿದರೆ ಸರ್ಕಾರಿ ಬಸ್ಸಿನಂತಿತ್ತು. ಕಿಟಕಿಗಳು ಕೆಲವು ಮೊಣಕಾಲಿನ ಮಟ್ಟಕ್ಕೆ, ಕೆಲವು ಹೆಂಚಿನ ಕೆಳಗೆ.

"ಅಮ್ಮಾ, ಈ ಕಿಟಕಿಯಿಂದ ಹೊರಗೆ ನೋಡ್ಬೇಕಂದ್ರೆ ಒಂದೋ ಮಲಗಿ ನೋಡ್ಬೇಕು, ಇಲ್ಲಾ ಏಣಿ ಹತ್ತಿ ನೋಡ್ಬೇಕು."

"ಅದ್ಕೇ ನಿನ್ನ ಕರ್ಸಿದ್ದು. ನಿಂತ್ಕೊಂಡು ನೋಡೋ ಕಿಟಕಿ ಮಡಗು. ಮುಂದಕ್ಕೆ ಹನ್ನೆರಡು ಅಡಿ ಎಳಿ. ಒಂದು ಜಗಲಿ, ಒಂದು ಬಚ್ಚಲು."

ಎಳೆದರು. ಇಟ್ಟಿಗೆ ಅವಳೇ ಹೊತ್ತಳು. ಮರಳು ಅವಳೇ ಜರಡಿ ಹಿಡಿದಳು. ಹೊಸ ಗೋಡೆಗೆ ದಿನಕ್ಕೆ ಎರಡು ಹೊತ್ತು ಬಿಂದಿಗೆಯಲ್ಲಿ ನೀರು ಹಾಕಿದಳು. ನೀರು ಹಾಕುತ್ತಾ ಕೆಲವು ಸಲ ಅತ್ತಳು. ಗೋಡೆಗೆ ನೀರು ಹಾಕುವಾಗ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ.

ತೊಡಕು ಇದ್ದದ್ದು ನಡುಗೋಡೆಯಲ್ಲಿ. ಪಾಲಾದಾಗ ಮರಿಯಪ್ಪ ಹುಳದ ಮನೆಯನ್ನು ಎರಡು ಭಾಗ ಮಾಡಿ ತಾನೇ ಕಟ್ಟಿದ್ದ ಗೋಡೆ ಅದು. ಈಚೆಗೆ ಇವಳ ಅರ್ಧ, ಆಚೆಗೆ ನಟರಾಜುವಿನ ಹುಳ. ಗೋಡೆ ಸೂರಿಗೆ ಮುಟ್ಟಿರಲಿಲ್ಲ. ಮೇಲೆ ಎರಡು ಅಡಿ ಖಾಲಿ ಸಂದು. "ಇಟ್ಟಿಗೆ ಸಾಲ್ದೆ ಅರ್ಧಕ್ಕೇ ಬುಟ್ಟ ಪುಣ್ಯಾತ್ಮ" ಎಂದು ಅವಳು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಅವನೂ ನಗುತ್ತಿದ್ದ. ಯಾಕೆ ಬಿಟ್ಟೆ ಅಂತ ಒಂದು ದಿನವೂ ಹೇಳಲಿಲ್ಲ.

ವಾಸ್ತು ಪ್ರಕಾರ ಅಡುಗೆಮನೆ ಬಂದದ್ದು ಆ ಗೋಡೆಯ ಬುಡಕ್ಕೇ! ಲತಾಮಣಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಕ್ಕಾ, ನೀವು ಇಲ್ಲಿ ಸಾಸಿವೆ ಸಿಡ್ಸುದ್ರೆ ಅಲ್ಲಿ ನಮ್ಮ ಹುಳ ಉಳಿಯಾಕಿಲ್ಲ. ಹೊಗೆ ಆಗಲ್ಲ, ಒಗ್ಗರಣೆ ಆಗಲ್ಲ, ಊದಬತ್ತಿನೂ ಆಗಲ್ಲ. ನಿಮ್ಗೆ ಗೊತ್ತಿಲ್ದೇ ಇರೋದಾ?"

"ಹುಳಕ್ಕೆ ಮೂಗೈತೆ, ನಂಗೆ ಹೊಟ್ಟೆ ಇಲ್ವಾ?"

"ಒಂದು ಬೆಳೆ ತಡ್ಕೊಳ್ಳಿ. ಶ್ರಾವಣಕ್ಕೆ ಮಾಡುದ್ರಾಯ್ತು."

ಶ್ರಾವಣ! ಅಲ್ಲಿಗೆ ಆಷಾಢ ಕಳೆದು, ಮಾತು ಬಿದ್ದು, ಅರ್ಧ ಮನೆ ಮೈದುನನ ಪಾಲಾಗಿ, ಇವಳು ಮತ್ತೆ ಟಿವಿ ಕೆಳಗೆ! ವೆಂಕಟಲಕ್ಷ್ಮಮ್ಮ ಚನ್ನಪಟ್ಟಣಕ್ಕೆ ಹೋಗಿ ಐನೋರ ಹತ್ತಿರ ದಿನ ನೋಡಿಸಿದಳು. ಆಷಾಢಕ್ಕೆ ಮುಂಚೆ ಉಳಿದದ್ದು ಒಂದೇ ಶುಕ್ರವಾರ. ನೂರು ಚಿಟ್ಟೆಗಳ ಮೊಟ್ಟೆಯಿಂದ ಎದ್ದ ನಟರಾಜುವಿನ ಹುಳ ಲೆಕ್ಕದ ಪ್ರಕಾರ ಭಾನುವಾರ ಹಣ್ಣಾಗಬೇಕು, ಅಂದರೆ ಮೇಯುವುದು ಬಿಟ್ಟು ಗೂಡು ಕಟ್ಟಲು ಶುರು ಮಾಡಬೇಕು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಅವನು ಬಾಡಿಗೆಗೆ ಹೇಳಿದ್ದ. ಶನಿವಾರ ಸಂಜೆ ಬರುತ್ತಿದ್ದವು.

"ಶುಕ್ರವಾರ ನನ್ನ ಹಾಲು ಉಕ್ಕೋದು, ಭಾನುವಾರ ನಿನ್ನ ಹುಳ ಹಣ್ಣಾಗೋದು. ನಡುವೆ ಒಂದು ಶನಿವಾರ ಐತೆ. ಹೆದ್ರಬ್ಯಾಡ!" ಎಂದು ಮೈದುನನಿಗೆ ಅಭಯ ಕೊಟ್ಟಳು. ಹೊಗೆ ಆ ಕಡೆ ಹೋಗದಂತೆ ತಡೆಯಲು ಟಾರ್ಪಾಲಿನಷ್ಟು ದಪ್ಪದ ನೀಲಿ ಪ್ಲಾಸ್ಟಿಕ್ ತಂದಳು. ಏಣಿ ಹತ್ತಿ ಸಂದಿನ ಉದ್ದಕ್ಕೂ ಮೊಳೆ ಹೊಡೆದಳು. ಅಂಚಿಗೆಲ್ಲ ಸಗಣಿ ಮಣ್ಣು ಕಲಸಿ ಮೆತ್ತಿದಳು. ಕೋಟೆ ಭದ್ರ!

ಏಣಿ ಹಿಡಿದಿದ್ದ ಶುಕೂರ್ ಗೊಣಗಿದ. "ಅಮ್ಮಾ, ಗಾಳಿ ಹೋಗೋ ದಾರಿ ಇದು. ಮುಚ್ಚಿದ್ರೆ ಆ ಕಡೆ ಕಾದೋಗ್ತದೆ."

"ನೀನು ಗೋಡೆ ನೋಡ್ಕೊ ಶುಕೂರಣ್ಣ, ಹುಳ ನಂಗೆ ಬುಡು. ಇಪ್ಪತ್ತೆಂಟು ವರ್ಸ ಸಾಕಿವ್ನಿ. ನನ್ನ ಕಂಡ್ರೆ ಹುಳ ಎದ್ದು ನಿಂತ್ಕೊಳ್ತವೆ!"

"ನಮ್ಮ ಮಾಮೂ ನೂಲು ತೆಗೆಯೋರು, ಅವ್ರು ಹೇಳ್ತಿದ್ರು..."

"ಬೇಯಿಸಿದ ಗೂಡಿನ ವಿಷ್ಯ ಅವ್ರಿಗೆ ಗೊತ್ತು. ಬದುಕಿರೋ ಹುಳದ ವಿಷ್ಯ ನಂಗೊತ್ತು. ಇನ್ನೊಂದು ಮೊಳೆ ಕೊಡು!"

ಅದಾದ ಮೇಲೆ ಹುಳಗಳಿಗೆ ಎಲ್ಲಿಲ್ಲದ ಹಸಿವು ಬಂತು. ಹಾಕಿದ ಸೊಪ್ಪು ಹಾಕಿದ ಹಾಗೆ ಮಾಯ! "ಏನ್ ಮೇಯ್ತಾವತ್ತಿಗೆ! ಇಂಥ ಬೆಳೆ ನಾನು ಕಂಡೇ ಇಲ್ಲ" ಎಂದು ನಟರಾಜು ಊರೆಲ್ಲ ಹೇಳಿಕೊಂಡು ತಿರುಗಿದ. ಎಲ್ಲ ನನ್ನ ಪ್ಲಾಸ್ಟಿಕ್ಕಿನ ಮಹಿಮೆ ಎಂದು ವೆಂಕಟಲಕ್ಷ್ಮಮ್ಮ ಒಳಗೊಳಗೇ ಹಿಗ್ಗಿದಳು. ಅದು ನಿಜವೂ ಆಗಿತ್ತು.

ಶುಕ್ರವಾರ ಬಂತು. ಹೊಸ ಜಗಲಿಯ ಮುಂದೆ ತೆಂಗಿನ ಗರಿಯ ಚಪ್ಪರ, ಬಾಳೆಕಂದು, ಮಾವಿನ ತೋರಣ. ಮರಿಯಪ್ಪನ ಫೋಟೋಗೆ ಹೊಸ ಗೋಡೆಯಲ್ಲಿ ಜಾಗ, ಕೊರಳಿಗೆ ಸುಗಂಧವಿಲ್ಲದ ಹೂವಿನ ಹಾರ. ಅಡುಗೆಯವರನ್ನು ಹುಳದ ದೆಸೆಯಿಂದ ಗಾಳಿ ಈ ಕಡೆ ಬೀಸದ ದೂರದ ಹೊಲಕ್ಕೆ ಅಟ್ಟಿದ್ದಳು. ಐನೋರಿಗೆ ಅಂಗಳದ ಮೂಲೆಯಲ್ಲಿ, ತಟ್ಟೆಯಷ್ಟಗಲದ ಹೋಮಕುಂಡ.

"ಇದ್ರಲ್ಲಿ ಹೋಮ ಮಾಡ್ಲಾ, ಹಪ್ಪಳ ಸುಡ್ಲಾ?" ಎಂದರು ಐನೋರು.

"ಎರಡ್ರಲ್ಲಿ ಯಾವ್ದು ಹೊಗೆ ಕಮ್ಮಿ ಬತ್ತದೋ ಅದು ಮಾಡಿ."

ಪೂಜೆಗೆ ನಟರಾಜು, ಲತಾಮಣಿ ದಂಪತಿಯಾಗಿ ಕೂತರು. ಕೊನೆಗೆ ಹಾಲು ಉಕ್ಕಿಸುವ ಹೊತ್ತು. ಗಂಡನಿಲ್ಲದವಳು ಉಕ್ಕಿಸಬಾರದು ಎಂದು ಹಿಂದಿನಿಂದ ಯಾರೋ ಅಂದರು.

"ಹಸ ಕೇಳ್ನಿಲ್ಲ, ಹಾಲು ಕೇಳ್ನಿಲ್ಲ, ನೀವ್ಯಾಕವ್ವ ಕೇಳ್ತೀರಿ?" ಎಂದು ವೆಂಕಟಲಕ್ಷ್ಮಮ್ಮ ತಾನೇ ಒಲೆ ಹಚ್ಚಿದಳು. ತನ್ನ ಒಲೆ! ಎರಡು ವರ್ಷದ ಮೇಲೆ. ಮೊದಲ ಎರಡು ಕಡ್ಡಿ ಮುರಿದಿದ್ದವು. ಬೆಂಕಿಪೊಟ್ಟಣ ಹೊಸದು ಅಂದುಕೊಂಡಳು.

"ಪೂರ್ವಕ್ಕೆ ಉಕ್ಕಬೇಕು, ಎಲ್ಲಾ ನೋಡ್ತಾ ಇರಿ" ಎಂದರು ಐನೋರು. ಎಲ್ಲರ ಕಣ್ಣೂ ಪಾತ್ರೆಯ ಮೇಲೆ. ಹಾಲು ಅಂಚಿಗೆ ಏರಿತು. ಅಷ್ಟರಲ್ಲಿ ಮೇಲಿನಿಂದ ಏನೋ ತೊಪ್ಪನೆ ಒಲೆಯ ಪಕ್ಕದ ಕಲ್ಲಿನ ಮೇಲೆ ಬಿತ್ತು.

ರೇಷ್ಮೆ ಹುಳ! ಸಗಣಿಯ ಬಿರುಕಿನಿಂದ ನುಸುಳಿ ಬಂದಿತ್ತು.

"ಅಯ್ಯೋ ಅಪಶಕುನ!" ಎಂದಳು ಲತಾಮಣಿ.

ವೆಂಕಟಲಕ್ಷ್ಮಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹೊಸ ಕಿಟಕಿಯ ಬಿಸಿಲಿಗೆ ಹಿಡಿದಳು. ಹುಳದ ಕತ್ತಿನಲ್ಲಿ ದ್ರಾಕ್ಷಿ ಹಣ್ಣಿನಂತೆ ಬೆಳಕು ಹಾಯಿತು. ಬಾಯಲ್ಲಿ ಹಳದಿ ನೂಲು!

"ಲೋ ನಟರಾಜು! ನಿನ್ನ ಹುಳ ಹಣ್ಣಾಗ್ಬುಟ್ಟವೆ ಕಣೋ!"

"ಭಾನುವಾರ ಅಲ್ವಾ ಅತ್ತಿಗೆ?"

"ಹುಳಕ್ಕೆ ಕ್ಯಾಲೆಂಡರ್ ತೋರ್ಸಿದ್ಯಾ? ಓಡು!"

ಎಲ್ಲರೂ ಓಡಿದರು. ಹಿಂದೆ ಹಾಲು ಉಕ್ಕಿತು. ಯಾವ ದಿಕ್ಕಿಗೆಂದು ಯಾರೂ ನೋಡಲಿಲ್ಲ. ಐನೋರು ಪೂರ್ವ ಎಂದರು. ಒಲೆ ನೋಡಿದರೆ ನಾಲ್ಕು ದಿಕ್ಕಿಗೂ ಸಮನಾಗಿ ಹೋಗಿತ್ತು.

ಆಚೆಯ ಬಾಗಿಲು ತೆಗೆದರೆ ಬಿಡದಿಯ ಹೋಟೆಲಲ್ಲಿ ತಟ್ಟೆ ಇಡ್ಲಿಯ ಮುಚ್ಚಳ ತೆಗೆದಂತೆ ಮುಖಕ್ಕೆ ಶಾಖ ರಾಚಿತು. ಹುಳಗಳು ಸೊಪ್ಪು ಬಿಟ್ಟು ಗೋಡೆ, ಕಂಬ, ಹಗ್ಗ ಹತ್ತುತ್ತಿದ್ದವು. ನಟರಾಜುವಿನ ಹಳೇ ಚಪ್ಪಲಿಯೊಳಗೆ ಒಂದು ಆಗಲೇ ಸಂಸಾರ ಹೂಡಿತ್ತು. ವೆಂಕಟಲಕ್ಷ್ಮಮ್ಮ ತಲೆ ಎತ್ತಿ ನೀಲಿ ಪ್ಲಾಸ್ಟಿಕ್ ನೋಡಿದಳು. ಗಾಳಿ ಕಟ್ಟಿ, ಒಳಗೆ ಕಾದು, ಹುಳ ಎರಡೆರಡು ಪಟ್ಟು ಮೇದು, ಎರಡು ದಿನ ಮುಂಚೆಯೇ ಹಣ್ಣಾಗಿದ್ದವು. ಬಾಗಿಲಲ್ಲಿ ಹೊಸ ಶರ್ಟು ಹಾಕಿಕೊಂಡು ಶುಕೂರ್ ನಿಂತಿದ್ದ. ಅವನು ಪ್ಲಾಸ್ಟಿಕ್ಕನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ತನ್ನ ಶರ್ಟಿನ ಗುಂಡಿಯನ್ನು ನೋಡಿಕೊಂಡ.

ಮರಿಯಪ್ಪನಿಗೆ ಇಟ್ಟಿಗೆ ಕಮ್ಮಿಯಾಗಿರಲಿಲ್ಲ. ಅವಳಿಗೆ ಈಗ ಗೊತ್ತಾಯಿತು. ಗೊತ್ತಾಯಿತು ಅಂತ ಹೇಳೋಣ ಅಂದರೆ ಅವನಿರಲಿಲ್ಲ.

"ಚಂದ್ರಿಕೆ ನಾಳೆ ಸಂಜೆಗೆ ಬರೋದು" ಎಂದು ನಟರಾಜು ಗೋಡೆಗೆ ಒರಗಿದ. ಅಷ್ಟು ಹೊತ್ತಿಗೆ ಹುಳ ಕಂಡಕಂಡಲ್ಲಿ ನೂಲು ಚೆಲ್ಲಿ ಮುಗಿಸಿರುತ್ತವೆ. ಗೂಡು ಕಟ್ಟಿಸಲು ಬೇಕಾದ ಗಾಳಿಯಾಡುವ ಒಣ ಜಾಗ ಇದ್ದದ್ದು ಒಂದೇ ಕಡೆ. ಹೊಸ ಸುಣ್ಣ ಬಳಿದು, ನಿಂತು ನೋಡುವ ಕಿಟಕಿ ಇಟ್ಟ ಮನೆಯಲ್ಲಿ. ನಟರಾಜು ಕೇಳಲಿಲ್ಲ. ಕೇಳಿದ್ದರೆ ಬೈದು ಆಗಲ್ಲ ಅನ್ನಬಹುದಿತ್ತು. ಕೇಳದೆ ನಿಂತವನಿಗೆ ಏನಂತ ಹೇಳುವುದು?

"ಏನ್ಲಾ ಹಂಗ್ ನಿಂತಿದ್ದೀಯಾ? ಚಪ್ಪರ ಕಿತ್ತು ನನ್ನ ಮನೆಯೊಳಕ್ಕೆ ಹಾಕು!"

"ಚಪ್ಪರಾನಾ?"

"ಅದೇ ಇವತ್ತಿನ ಚಂದ್ರಿಕೆ!"

ಶುಕೂರ್ ಸಾರವೆಯ ಬಿದಿರು ಬಿಚ್ಚಿ ಅಡುಗೆಮನೆಯಿಂದ ಜಗಲಿಯ ತನಕ ಅಟ್ಟಣೆ ಕಟ್ಟಿದ. ತೆಂಗಿನ ಗರಿ ಹರಡಿದರು. ಉಡುಗೊರೆ ಬಂದಿದ್ದ ಆರು ಹೊಸ ಪೊರಕೆ ಬಿಚ್ಚಿ ಹರಡಿದರು. ಒಣಗಿದ ಮುತ್ತುಗದ ಊಟದೆಲೆಯನ್ನೂ ಬಿಡಲಿಲ್ಲ. ಜರಿ ಸೀರೆ ಉಟ್ಟು ಉಣ್ಣಲು ಬಂದಿದ್ದ ಹೆಂಗಸರು ಸೆರಗು ಕಟ್ಟಿ ಹಣ್ಣು ಹುಳ ಆರಿಸಲು ಕೂತರು. ಹೋಮಕ್ಕೆ ನೀರು ಸುರಿದಾಗಿತ್ತು. ಐನೋರು ಮೆಲ್ಲಗೆ ಹಿಂದೆ ಸರಿದರು.

"ನಾನು ಹುಳ ಮುಟ್ಟಲ್ಲಮ್ಮ."

"ಉಟ್ಟಿರೋದು ಏನು ಐನೋರೇ? ರೇಷ್ಮೆ ಮಡಿ ತಾನೆ? ಕೂತ್ಕೊಳ್ಳಿ, ಸಂಬಂಧ ಐತೆ!"

ಕೂತರು. ಎಲ್ಲರಿಗಿಂತ ಚೆನ್ನಾಗಿ ಆರಿಸಿದರು.

ಅಷ್ಟರಲ್ಲಿ ಗಾಳಿ ತಿರುಗಿತು. ಹೊಲದಿಂದ ಅಡುಗೆಯವನ ಒಗ್ಗರಣೆಯ ಘಮ! ವೆಂಕಟಲಕ್ಷ್ಮಮ್ಮ ಸೀರೆ ಎತ್ತಿ ಕಟ್ಟಿ ಗದ್ದೆ ಬದುವಿನ ಮೇಲೆ ಓಡಿದಳು. "ಇಳಿಸ್ಲಾ ಬಾಂಡ್ಲೀನಾ!" ಅವತ್ತು ಹೊಂಗನೂರಿನ ಇತಿಹಾಸದಲ್ಲೇ ಮೊದಲ ಬಾರಿಗೆ ಇನ್ನೂರು ಜನ ಒಗ್ಗರಣೆಯಿಲ್ಲದ ಸಾರು ಉಂಡರು, ಅದೂ ಅಂಗೈ ಮೇಲೆ. ಎಲೆ ಇರಲಿಲ್ಲವಲ್ಲ!

ಸಂಜೆಗೆ ಒಂದು ಹುಳ ಮರಿಯಪ್ಪನ ಫೋಟೋ ಹತ್ತಿ ಕಟ್ಟಿನ ಮೂಲೆಯಲ್ಲಿ ನೂಲು ಬಿಡುತ್ತಿತ್ತು. ತೆಗೆಯಲು ಹೋದ ಲತಾಮಣಿಯ ಕೈಯನ್ನು ವೆಂಕಟಲಕ್ಷ್ಮಮ್ಮ ತಡೆದಳು.

"ಬುಡು. ಇದ್ದಾಗ್ಲೂ ನನ್ನ ಬುಟ್ಟು ಹುಳದ ಜೊತೇಲೇ ಮಲಗ್ತಿದ್ದ."

ಲತಾಮಣಿ ನಗಲು ಹೋಗಿ ಮೂಗು ಒರೆಸಿಕೊಂಡಳು. "ಅಕ್ಕಾ, ಗೂಡು ಬಿಡ್ಸೋವರ್ಗೂ ನಮ್ಮನೆಗೇ ಬನ್ನಿ. ಟಿವಿ ಹಾಕಕ್ಕಿಲ್ಲ."

"ಬರಕ್ಕಿಲ್ಲ. ಪ್ರವೇಶ ಆಗೈತೆ. ನನ್ನ ಜಗಲಿ ಐತೆ."

ಚಾಪೆ ಜಗಲಿಗೆ ಬಂತು. ಹೊಸ ಮನೆಯ ಬಾಗಿಲು ಮುಚ್ಚಿತು, ಒಡತಿ ಹೊರಗೆ!

ಸೋಮವಾರ ಮಧ್ಯಾಹ್ನ, ಪಂಚಾಯ್ತಿಯಿಂದ ಭಾನುಪ್ರಿಯ ಅನ್ನುವ ಹುಡುಗಿ ಮನೆಗೆ ನಂಬರ್ ಹಾಕಲು ದೊಡ್ಡ ರಿಜಿಸ್ಟರು ಹಿಡಿದು ಬಂದಳು.

"ಮನೆ ಚೆನ್ನಾಗೈತೆ ಆಂಟಿ. ಒಳಗೆ ಹೋಗಿ ಒಸಿ ನೋಡ್ಲಾ?"

"ಶ್! ಮೆಲ್ಲಗೆ ಮಾತಾಡು. ಸೆಂಟು ಹಾಕಿದ್ದೀಯಾ? ಹಂಗಾದ್ರೆ ಅಲ್ಲೇ ನಿಂತ್ಕೊ."

ಭಾನುಪ್ರಿಯ ಅಂಗಳದಲ್ಲೇ ನಿಂತು ಪೆನ್ನು ತೆಗೆದಳು. "ಒಳಗೆ ಎಷ್ಟು ಜನ ವಾಸ?"

"ನಲವತ್ತು ಸಾವಿರ."

ಪೆನ್ನು ನಿಂತಿತು.

"ಮತ್ತೆ ನೀವು?"

"ನಾನಾ? ವಾಚ್‌ಮನ್ನು. ಬುಧವಾರ ಅವ್ರು ಖಾಲಿ ಮಾಡ್ತಾರೆ. ಆಮೇಲೆ ಬಾ, ನನ್ನೂ ಬರ್ಕೊಳ್ಳೋವಂತೆ!"