ಭಾವನ ಬಂದೂಕುಧಾರಿಗಳು

ನಮ್ಮ ಭಾವನ ಮನೆಯಲ್ಲಿ ನೂರಾ ನಲವತ್ತು ಮಂದಿ ಬಂದೂಕುಧಾರಿಗಳಿದ್ದಾರೆ. ಗಾಬರಿಯಾಗಿ ಪೊಲೀಸರಿಗೆ ಫೋನ್ ಮಾಡಬೇಡಿ! ಒಬ್ಬೊಬ್ಬನೂ ಹೆಬ್ಬೆರಳುದ್ದ, ಅಪ್ಪಟ ಪ್ಲಾಸ್ಟಿಕ್ಕು. ಹಿಂದೊಂದು ಕಾಲದಲ್ಲಿ ಅಮೆರಿಕದ ಕಾಡುಮೇಡು ಅಲೆದ ವೀರರ ಗೊಂಬೆಗಳು. ಅರವತ್ತು ವರ್ಷದ ಹಿಂದೆ ಈ ಇಂಗ್ಲಿಷರ ನಾಡಿನ ಮಕ್ಕಳು ಆಡಿ ಬಿಸಾಡಿದಂಥವು. ಈಗ ಸಟನ್ನಿನಲ್ಲಿ, ಅಕ್ಕನ ಮನೆಯ ಗಾಜಿನ ಬೀರುವಿನಲ್ಲಿ ಸುಖವಾಗಿದ್ದಾರೆ. ಬೀರುವಿನ ಬೀಗದ ಕೈ ಭಾವನ ಜನಿವಾರದಲ್ಲಿ. ಅಕ್ಕನ ಒಡವೆಗೂ ಆ ಭಾಗ್ಯವಿಲ್ಲ.

ಭಾವ ಮೈಸೂರಿನವರು, ಇಲ್ಲಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಊರವರನ್ನೆಲ್ಲ ಮಲಗಿಸುವ ಈ ಮನುಷ್ಯ ಭಾನುವಾರ ಮಾತ್ರ ಬೆಳಿಗ್ಗೆ ಐದಕ್ಕೇ ಎದ್ದುಬಿಡುತ್ತಾರೆ. ಯಾಕೆ? ಜನ ಕಾರಿನ ಡಿಕ್ಕಿ ತೆರೆದು ಹಳೇ ಸಾಮಾನು ಮಾರುವ ಬೂಟ್ ಸೇಲ್‌ಗೆ ಹೋಗಬೇಕಲ್ಲ! ಅಲ್ಲಿ ರಟ್ಟಿನ ಡಬ್ಬದಿಂದ ಒಬ್ಬ ಷೆರಿಫ್‌ನನ್ನು, ಅಂದರೆ ಆ ಕಾಲದ ಪೊಲೀಸಪ್ಪನನ್ನು, ಎತ್ತಿ, ರೋಗಿಯ ಗಂಟಲು ನೋಡುವ ಟಾರ್ಚ್ ಬಿಟ್ಟು ಪರೀಕ್ಷಿಸುತ್ತಾರೆ. "ಮೊಮ್ಮಗನಿಗಾ?" ಎಂದು ಮಾರುವ ಅಜ್ಜಿ ಕೇಳಿದರೆ "ಇಲ್ಲ, ನನಗೇ" ಎನ್ನುತ್ತಾರೆ. ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲ.

ಅವರ ಮತ ಒಂದೇ.

"ಕೈಯಾದ್ರೂ ಮುರಿದಿರ್ಲಿ, ಕಾಲಾದ್ರೂ ಮುರಿದಿರ್ಲಿ, ಒರಿಜಿನಲ್ ಪೇಂಟ್ ಇರ್ಬೇಕು ಕಣಮ್ಮ. ಆಮೇಲೆ ಯಾರೋ ಬಣ್ಣ ಬಳಿದ್ರೆ ಆ ಗೊಂಬೆ ಸತ್ತ ಹಾಗೆ."

ಹೊಸದಾಗಿ ಬಂದವರಿಗೆ ಮಕ್ಕಳ ಹಲ್ಲುಜ್ಜುವ ಬ್ರಷ್ಷಿನಿಂದ ಅಭ್ಯಂಜನವಾಗುತ್ತದೆ. ಆಮೇಲೆ ಆರಲಿಕ್ಕೆ ಅಕ್ಕನ ಇಡ್ಲಿ ತಟ್ಟೆ, ಗುಳಿಗೊಬ್ಬ! ಒಮ್ಮೆ ನಾನು ಇಲ್ಫರ್ಡಿನ ನನ್ನ ಮನೆಯಿಂದ ರೈಲು ಬದಲಿಸಿ ಬದಲಿಸಿ ಹಸಿದು ಬಂದು, ತಟ್ಟೆಯ ಮೇಲಿನ ಬಟ್ಟೆ ಸರಿಸಿದರೆ ಹದಿನಾರು ಮಂದಿ ನನ್ನತ್ತಲೇ ಗುರಿಯಿಟ್ಟು ಮಲಗಿದ್ದರು.

"ರೀ, ಇಡ್ಲಿ ತಿನ್ನೋಕೆ ಬಂದವಳಿಗೆ ಗುಂಡು ಹೊಡೆಸ್ತೀರಾ?" ಎಂದಳು ಅಕ್ಕ.

ಅಷ್ಟು ಜನರಲ್ಲೂ ಮುದ್ದಿನವನು ಬಾಲದ ಟೋಪಿಯವನು. ತುಪ್ಪಳದ ಟೋಪಿ, ಹಿಂದೆ ಇಳಿಬಿದ್ದ ಬಾಲ. ಒಂಬತ್ತು ವರ್ಷ ಹುಡುಕಿ ತಂದದ್ದು, ಬಣ್ಣ ಒಂದು ಚೂರೂ ಎದ್ದಿರಲಿಲ್ಲ. ನಮಗೆಲ್ಲ ಗಾಜಿನಾಚೆಯಿಂದಷ್ಟೇ ದರ್ಶನ.

ಹೋದ ವರ್ಷ ನವರಾತ್ರಿಗೆ ಭಾವನ ತಾಯಿ ಮೈಸೂರಿನಿಂದ ಬಂದರು. ಗೊಂಬೆ ಕೂರಿಸೋಣವೆಂದರೆ ಅಕ್ಕನ ಬಳಿ ಇದ್ದದ್ದು ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳು ಮಾತ್ರ. ರಾಜ ರಾಣಿ ಇದ್ದಾರೆ, ಪ್ರಜೆಗಳೇ ಇಲ್ಲ! ಅಮ್ಮನ ಕಣ್ಣು ಬೀರುವಿನ ಮೇಲೆ ಬಿತ್ತು.

"ಇಷ್ಟೊಂದು ಗೊಂಬೆ ಕೂಡಿಹಾಕ್ಕೊಂಡಿದೀಯಲ್ಲೋ! ಬೀಗದ ಕೈ ಕೊಡಿಲ್ಲಿ."

ನೂರಾ ನಲವತ್ತು ಬಂದೂಕುಗಳ ಒಡೆಯ ತೆಪ್ಪಗೆ ಬೀಗದ ಕೈ ಕೊಟ್ಟು ಡ್ಯೂಟಿಗೆ ಹೋದರು.

ಸಂಜೆ ಬಂದು ನೋಡುತ್ತಾರೆ, ಸಾಲುಸಾಲು ಕೌಬಾಯ್‌ಗಳ ಹಣೆಯಲ್ಲಿ ಕುಂಕುಮ! ಕಡಲೆಕಾಳಿನಷ್ಟು ಮುಖದಲ್ಲಿ ಹಣೆ ಎಷ್ಟಿರುತ್ತದೆ ಹೇಳಿ? ಮೂಗಿನವರೆಗೂ ಇಳಿದಿತ್ತು. ಬಾಲದ ಟೋಪಿಯವನಂತೂ ರಾಜನ ಪಕ್ಕದಲ್ಲೇ ಕಾವಲಿಗೆ ನಿಂತಿದ್ದ, ಮಿಕ್ಕವರಿಗಿಂತ ದೊಡ್ಡ ಬೊಟ್ಟಿಟ್ಟುಕೊಂಡು.

"ಹಬ್ಬದ ದಿನ ಬೋಳು ಹಣೇಲಿ ಕೂರಿಸ್ತಾರೇನೋ? ಪ್ಲಾಸ್ಟಿಕ್ಕಿಗೆ ಕುಂಕುಮ ನಿಲ್ಲಲಿಲ್ಲ. ಅದಕ್ಕೇ ಕೊಬ್ಬರಿ ಎಣ್ಣೇಲಿ ಕಲಸಿ ಇಟ್ಟೆ. ಹೇಗಿದೆ?"

"ಚೆನ್ನಾಗಿದೆ ಅಮ್ಮ" ಎಂದರು ಭಾವ. ಅರಿವಳಿಕೆ ಕೊಡುವವರ ದನಿಯಲ್ಲ ಅದು, ತೆಗೆದುಕೊಂಡವರದು!

ಅಮ್ಮ ಊರಿಗೆ ಹೋದ ಮೇಲೆ ಭಾವ ಬ್ರಷ್ಷು ಹಿಡಿದು ಕೂತರು. ನೂರಾ ಮೂವತ್ತೊಂಬತ್ತು ಜನ ಕೆನ್ನೆ ಕೆಂಪಗೆ ಮಾಡಿಕೊಂಡಾದರೂ ಪಾರಾದರು. ಬಾಲದ ಟೋಪಿಯವನನ್ನು ಮುಟ್ಟಲು ಹೆದರಿ ಕೊನೆಗೆ ಉಳಿಸಿಕೊಂಡಿದ್ದರು. ಅಷ್ಟರಲ್ಲಿ ಮೈಸೂರಿನಿಂದ ಫೋನ್ ಬಂತು. ಅಮ್ಮ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಹೋದ ತಿಂಗಳು ನಾನು ಅಲ್ಲಿದ್ದಾಗ ಸ್ಟ್ರಾಟ್‌ಫರ್ಡಿನಿಂದ ಇದೇ ಹುಚ್ಚಿನ ಇಂಗ್ಲಿಷ್ ಗೆಳೆಯರೊಬ್ಬರು ಬಂದಿದ್ದರು. ಭಾವ ತೆಗೆದುಕೊಟ್ಟ ಬಾಲದ ಟೋಪಿಯವನನ್ನು ನೋಡಿ ಅವರ ಮುಖ ಅರಳಿತು, ಮರುಕ್ಷಣ ಬಾಡಿತು.

"ಅಯ್ಯೋ, ಹಣೆಗೆ ಯಾರೋ ಕೆಂಪು ಬಳಿದಿದ್ದಾರಲ್ಲ! ನನ್ನ ಹತ್ತಿರ ಒಂದು ದ್ರಾವಣ ಇದೆ. ಎರಡೇ ನಿಮಿಷ, ತೆಗೆದುಕೊಡ್ತೀನಿ."

ಭಾವ ಅವರ ಕೈಯಿಂದ ಗೊಂಬೆಯನ್ನು ಮೆಲ್ಲಗೆ ತೆಗೆದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಬೇಡ," ಎಂದರು ಭಾವ. "ಅದು ಒರಿಜಿನಲ್ ಪೇಂಟ್."