ಕೊನೆಯ ಸುತ್ತಿನ ಮೇಷ್ಟ್ರು

ವರ್ಷಕ್ಕೊಂದು ಪುಸ್ತಕಕ್ಕೆ ಪ್ರಶಸ್ತಿ ಕೊಡುವ ಕೋಲಾರದ ನಮ್ಮ ಸಾಹಿತ್ಯ ಬಳಗಕ್ಕೆ ನಾನು ಸಂಚಾಲಕ. ಸಂಚಾಲಕ ಎಂದರೆ ಶಾಮಿಯಾನದಿಂದ ಹಿಡಿದು ಶಾಲಿನವರೆಗೆ ಎಲ್ಲದಕ್ಕೂ ಬೈಸಿಕೊಳ್ಳುವವನು. ಬರೆಯುವವರ ಸಹವಾಸದಲ್ಲಿ ನಗುವಿಗೆ ಯಾವತ್ತೂ ಬರವಿಲ್ಲ. ಆದರೆ ಹೋದ ಸಲದ ಪ್ರಶಸ್ತಿಯಷ್ಟು ನನ್ನನ್ನು ನಗಿಸಿದ್ದು, ಜೊತೆಗೆ ಹೆದರಿಸಿದ್ದು, ಇನ್ನೊಂದಿಲ್ಲ.

೧. ಟವೆಲ್ ಕೆಳಗಿನ ತೀರ್ಪು

ಕೊನೆಯ ಸುತ್ತಿನಲ್ಲಿ ಎರಡು ಪುಸ್ತಕ ಉಳಿದವು. ಒಂದು, ಮಾಲೂರು ತಾಲ್ಲೂಕು ಮಾಸ್ತಿ ಕಡೆಯ ಹೆಂಗಸೊಬ್ಬರ ಕಥೆಗಳು. ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುವವರು ಅವರು. ಇನ್ನೊಂದು, ಮುಳಬಾಗಿಲು ಕಡೆ ದೇವರಾಯಸಮುದ್ರದ ನಿವೃತ್ತ ಮೇಷ್ಟ್ರ ಕವನಗಳು. ಮೇಷ್ಟ್ರು ಯಾವಾಗ ಪುಸ್ತಕ ಕಳಿಸಿದರೂ ಕೊನೆಯ ಸುತ್ತಿಗೆ ಬರುತ್ತಾರೆ, ಅಲ್ಲೇ ನಿಲ್ಲುತ್ತಾರೆ.

ತೀರ್ಪುಗಾರರಲ್ಲಿ ಇಬ್ಬರು ಕಾಲೇಜಿನಲ್ಲಿ ಪಾಠ ಹೇಳುವವರು. ಒಬ್ಬರು ಕಥೆಗೇ ಕೊಡಬೇಕು ಎಂದರು, ಇನ್ನೊಬ್ಬರು ಕವನಕ್ಕೇ ಎಂದು ಪಟ್ಟು ಹಿಡಿದರು. ಕಾಫಿ ಬಂದರೂ ಮಾತು ನಿಲ್ಲಲಿಲ್ಲ. ಮೂರನೆಯವರು ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟವರು, ಒಳ್ಳೆಯ ಓದುಗರು. ಅವರು ಹೆಗಲ ಮೇಲಿನ ಟವೆಲನ್ನು ತಮ್ಮ ಕೈ ಮೇಲೆ ಹಾಸಿಕೊಂಡು, ಬಾಯಲ್ಲಿ ಹೇಳಿದರೆ ಮರ್ಯಾದೆ ಪ್ರಶ್ನೆ ಬರುತ್ತೆ, ವ್ಯಾಪಾರದಲ್ಲಿ ರೇಟು ಹೇಳುವ ಹಾಗೆ ಒಬ್ಬೊಬ್ಬರಾಗಿ ಬೆರಳು ಹಿಡಿದು ಅಂಕ ಹೇಳಿಬಿಡಿ ಎಂದರು.

ಇಬ್ಬರೂ ಟವೆಲ್ ಕೆಳಗೆ ಕೈ ಹಾಕಿದರು. ಯಾರಿಗೂ ಕಾಣದ ಆ ಜಾಗದಲ್ಲಿ ಕವನದ ಕಡೆಯವರೂ ಕಥೆಗಳಿಗೇ ಹೆಚ್ಚು ಅಂಕ ಕೊಟ್ಟಿದ್ದರು. ಮಂಡಿಯವರು ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, "ಕಥೆಗಳಿಗೇ ಆಯ್ತು. ಈಗ ಇಬ್ಬರೂ ಬೇಕಾದ್ರೆ ಜಗಳ ಮುಂದುವರಿಸ್ಕೊಳ್ಳಿ" ಎಂದರು.

೨. ಹಾಲು ಕರೆಯುವ ಹೊತ್ತು

ಗೆದ್ದವರಿಗೆ ಸುದ್ದಿ ಹೇಳುವ ಸಂತೋಷ ನನ್ನದು. ಸಂಜೆ ಮಾಸ್ತಿಗೆ ಫೋನ್ ಮಾಡಿದೆ. ಆಯಮ್ಮ ಪಿಸುಮಾತಿನಲ್ಲಿ, ಆಮೇಲೆ ಮಾಡಿ ಎಂದರು. ಹೊಸಬರ ದನಿ ಕೇಳಿದರೆ ಅವರ ಹಸು ಹಾಲು ಇಳಿಸದೆ ಮೇಲಕ್ಕೆ ಏರಿಸಿಕೊಳ್ಳುತ್ತದಂತೆ. ನನಗೆ ತಡೆಯಲಾಗಲಿಲ್ಲ. ನಾನೂ ಪಿಸುಮಾತಿನಲ್ಲೇ, ಅಮ್ಮ, ನಿಮಗೆ ಪ್ರಶಸ್ತಿ ಬಂದಿದೆ ಎಂದೆ.

"ಸಂತೋಷ ಸಾರ್, ಅದು ಎಲ್ಲೂ ಓಡಿಹೋಗಲ್ಲ. ಇವಳು ಒದ್ದರೆ ಬಕೆಟ್ ಹೋಗುತ್ತೆ" ಎಂದು ಫೋನ್ ಇಟ್ಟರು.

೩. ಫ್ಲೆಕ್ಸು

ಅತ್ತ ದೇವರಾಯಸಮುದ್ರದಲ್ಲಿ ಬೇರೆಯದೇ ಸಂಭ್ರಮ. ಕೊನೆಯ ಸುತ್ತಿಗೆ ಬಂದವರೆಂದು ಮೇಷ್ಟ್ರ ಫೋಟೋ ಪೇಪರಿನಲ್ಲಿ ಬಂದಿತ್ತು. ನಮ್ಮ ಕಡೆ ಪೇಪರಿನಲ್ಲಿ ಫೋಟೋ ಬಂದರೆ ಬಸ್ ಸ್ಟಾಪಿನಲ್ಲಿ ಫ್ಲೆಕ್ಸ್ ಏಳಲೇಬೇಕು. ಎದ್ದಿತು. ಪ್ರಶಸ್ತಿ ವಿಜೇತ ನಮ್ಮ ಮೇಷ್ಟ್ರಿಗೆ ಅಭಿನಂದನೆ ಎಂದು ದೊಡ್ಡದಾಗಿ ಹಾಕಿಸಿದ್ದರು. ಶುಭ ಕೋರುವವರ ಫೋಟೋಗಳ ನಡುವೆ ಮೇಷ್ಟ್ರ ಮುಖವನ್ನು ಹುಡುಕಬೇಕಾಗಿತ್ತು.

ಮೇಷ್ಟ್ರು ಬಸ್ ಹತ್ತಿ ನೇರ ನಮ್ಮ ಮನೆಗೆ ಬಂದರು. ನಿಜ ಹೇಳಿಬಿಡಿ ಎಂದರು. ಹೇಳಿದೆ. "ಸೋಲೋದು ನನಗೆ ಅಭ್ಯಾಸ ಸಾರ್. ಇಷ್ಟು ದಿನ ನಾನೊಬ್ಬನೇ ಸೋಲ್ತಿದ್ದೆ, ಈ ಸಲ ಊರನ್ನೂ ಸೋಲಿಸಿದ ಹಂಗಾಯ್ತು. ನಾಳೆಯಿಂದ ಆ ಬಸ್ ಸ್ಟಾಪಲ್ಲಿ ಹೆಂಗೆ ನಿಂತ್ಕೊಳ್ಳಲಿ?" ಎಂದರು.

ಸಮಾರಂಭಕ್ಕೆ ಮೊದಲೇ ಊರಿನವರಿಗೆ ತಿಳಿಸಿಬಿಡಿ ಎಂದೆ. ಅವರು ಹೋಗಿ, ನನಗೆ ಪ್ರಶಸ್ತಿ ಬಂದಿಲ್ಲ ಕಣ್ರಪ್ಪಾ ಎಂದು ಎಲ್ಲರಿಗೂ ಹೇಳಿದರಂತೆ. ದೊಡ್ಡವರು ಯಾವಾಗಲೂ ಹಾಗೇ ಹೇಳುವುದು ಎಂದು ಊರಿನವರು ಮೆಚ್ಚಿಕೊಂಡು, ಇನ್ನೊಂದು ಫ್ಲೆಕ್ಸ್ ಹಾಕಿಸಿದರು.

೪. ಸನ್ಮಾನ

ಸಮಾರಂಭದ ದಿನ ಸಭಾಂಗಣದ ಮುಂದೆ ದೇವರಾಯಸಮುದ್ರದ ಟೆಂಪೋ ಬಂದು ನಿಂತಿತು. ತಮಟೆ ಇಳಿಯಿತು, ಇಬ್ಬರು ಹೊರುವಷ್ಟು ದೊಡ್ಡ ಹಾರ ಇಳಿಯಿತು, ಊರಿನ ಅರ್ಧ ಜನ ಇಳಿದರು. ಒಳಗೆ ಮೇಷ್ಟ್ರು, ಪಕ್ಕದಲ್ಲಿ ಅವರ ಹೆಂಡತಿ, ಇಬ್ಬರೂ ತಲೆ ತಗ್ಗಿಸಿ ಕೂತಿದ್ದರು. ನಾನು ಗೇಟಿಗೆ ಓಡಿಹೋಗಿ, ಮುಂದೆ ನಿಂತಿದ್ದ ಪಂಚಾಯ್ತಿ ಮಾಜಿ ಅಧ್ಯಕ್ಷರಿಗೆ ಕೈಮುಗಿದು ನಿಜ ಹೇಳಿಬಿಟ್ಟೆ. ಒದೆ ಬೀಳುತ್ತದೆ ಎಂದೇ ಅಂದುಕೊಂಡಿದ್ದೆ.

ಅವರು ಟೆಂಪೋ ನೋಡಿದರು, ಹಾರ ನೋಡಿದರು. "ಪರವಾಲೇದು ಸಾರ್, ಏನೂ ತೊಂದ್ರೆ ಇಲ್ಲ. ನಮ್ಮೂರಲ್ಲಿ ಸೈನ್ ಹಾಕೋರೆಲ್ಲ ಈ ಮೇಷ್ಟ್ರ ಹತ್ರ ಕಲ್ತೋರು. ಗೆದ್ದೋರಿಗೆ ನೀವು ಮಾಡಿ, ನಮ್ಮೋರಿಗೆ ನಾವು ಮಾಡ್ಕೊಂತೀವಿ" ಎಂದರು.

ಹಾಗೇ ಆಯಿತು. ಮಾಸ್ತಿಯ ಆಯಮ್ಮನಿಗೆ ನಾವು ತೆಳ್ಳನೆಯ ಶಾಲು ಹೊದಿಸಿ, ಬಾಳೆಹಣ್ಣಿನ ಮೇಲೆ ಒಂದೇ ಸೇಬು ಕೂರಿಸಿದ ಬುಟ್ಟಿ ಕೊಟ್ಟೆವು. ಹಾಲು ಕರೆಯುವ ಹೊತ್ತಾದ್ದರಿಂದ ಅವರ ಮನೆಯಿಂದ ಯಾರೂ ಬಂದಿರಲಿಲ್ಲ, ಚಪ್ಪಾಳೆಯೂ ಅಷ್ಟಕ್ಕಷ್ಟೇ. ಆಮೇಲೆ ಊರಿನವರು ವೇದಿಕೆಗೆ ನುಗ್ಗಿದರು. ಮೇಷ್ಟ್ರಿಗೆ ಮೈಸೂರು ಪೇಟ, ಜರಿಶಾಲು, ಮಂಡಿಯಿಂದಲೇ ತಂದ ಮಾವಿನಹಣ್ಣಿನ ಬುಟ್ಟಿ, ಮೇಲೆ ಆ ಹಾರ. ತಮಟೆಗೆ ಕಿಟಕಿಗಳು ಅದುರಿದವು. ನಾನು ಗೆದ್ದಿಲ್ಲ ಕಣ್ರಪ್ಪಾ ಎಂದು ಮೇಷ್ಟ್ರು ಮೈಕಿನಲ್ಲಿ ಅಳುತ್ತಾ ಹೇಳಿದಾಗ ಶಿಳ್ಳೆ ಬಿತ್ತು. ಅವರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. ನನ್ನ ಕಣ್ಣೂ ಒದ್ದೆಯಾಗಿತ್ತು.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಗೆದ್ದವರೇ. ವೇದಿಕೆಯಿಂದ ಇಳಿದ ಮೇಲೆ ಅವರು ತಮ್ಮ ಬುಟ್ಟಿಯನ್ನೊಮ್ಮೆ, ಮೇಷ್ಟ್ರ ಬುಟ್ಟಿಯನ್ನೊಮ್ಮೆ ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು.

"ಸಾರ್, ಇನ್ನೊಂದು ಪುಸ್ತಕ ಬರೀತಿದೀನಿ. ದಯವಿಟ್ಟು ಅದನ್ನ ಗೆಲ್ಲಿಸ್ಬೇಡಿ. ಕೊನೆ ಸುತ್ತಲ್ಲಿ ನಿಲ್ಲಿಸಿ, ದೇವರಾಯಸಮುದ್ರದೋರಿಗೆ ಒಂದು ಫೋನ್ ಮಾಡಿ."