ಫೋಟೋದಲ್ಲಿಲ್ಲದ ಬಲರೆಕ್ಕೆ

ಅಡುಗೆಮನೆಯ ಕಪಾಟಿನ ಬಲಗಡೆ ಬಾಗಿಲು ಒಂದೇ ಕೀಲಿನ ಮೇಲೆ ಜೋತಾಡತೊಡಗಿ ವರ್ಷ ದಾಟಿತ್ತು. ಅದನ್ನು ಮೊಣಕೈಯಿಂದ ತಡೆಹಿಡಿದು ಉಪ್ಪಿನ ಡಬ್ಬಿ ತೆಗೆಯುವಾಗಲೆಲ್ಲ ಹೆಂಡತಿಯ ಬಾಯಿಂದ ಒಂದೇ ಮಾತು.

"ಒಂದು ಬಾಗಿಲು ಕೂರಿಸೋಕಾಗಲ್ಲ, ವಿಮಾನ ಕಟ್ತಾರಂತೆ ವಿಮಾನ!"

"ಅದು ಪರಂಪರೆ ಕಣೇ, ನಿನಗೆ ಅರ್ಥವಾಗಲ್ಲ" ಎನ್ನುತ್ತಿದ್ದರು ನಿವೃತ್ತ ಹೆಡ್ ಕ್ಲರ್ಕ್ ಸಾಹೇಬರು, ಚಪ್ಪಲಿ ಮೆಟ್ಟುತ್ತಾ.

"ಈ ಬಾಗಿಲೂ ಪರಂಪರೆ ಆಗ್ತಾ ಬಂತು ಬಿಡಿ."

ಊರಾಚೆಯ ತಗಡಿನ ಶೆಡ್ಡಿನಲ್ಲಿ ಸ್ವಯಂಸೇವಕರ ವಿಮಾನ ವಸ್ತುಸಂಗ್ರಹಾಲಯವಿತ್ತು. ಅಲ್ಲಿದ್ದ ವಸ್ತುಗಳೆಂದರೆ ಒಂದು ಪ್ರೊಪೆಲ್ಲರ್, ಎರಡು ಚಕ್ರ ಮತ್ತು ಹೆಂಡತಿಯರ ಕಣ್ಣು ತಪ್ಪಿಸಿ ಬಂದ ಐದಾರು ನಿವೃತ್ತ ಗಂಡಸರು. ಊರಿನ ಮೇಲೆ ಮೊಟ್ಟಮೊದಲು ಹಾರಿದ ವಿಮಾನದ ಪಡಿಯಚ್ಚನ್ನು ಇವರು ಕಟ್ಟುತ್ತಿದ್ದರು. ಆ ವಿಮಾನದ್ದೆಂದು ಉಳಿದಿದ್ದು ಒಂದೇ ಒಂದು ಫೋಟೋ, ಅದೂ ಎಡಗಡೆಯಿಂದ ತೆಗೆದದ್ದು. ವೈಮಾನಿಕ ಠೀವಿಯಿಂದ ಕೂತಿದ್ದಾನೆ. ಹಿಂದೆ ಯಾರೋ ಒಬ್ಬ ತಲೆ ತಗ್ಗಿಸಿ ಬಾಲ ಹಿಡಿದು ನಿಂತಿದ್ದಾನೆ, ಮುಖ ಕಾಣುವುದಿಲ್ಲ.

"ಫೋಟೋದಲ್ಲಿ ಇದ್ದ ಹಾಗೆಯೇ ಆಗಬೇಕು" ಎಂಬುದು ಅಧ್ಯಕ್ಷರ ಅಪ್ಪಣೆ. (ಅಧ್ಯಕ್ಷರು ನಿವೃತ್ತ ಹಲ್ಲಿನ ಡಾಕ್ಟರು. ಎದುರಿಗಿದ್ದವರು ಬಾಯಿ ತೆರೆದರೂ ಮಾತಾಡದಂತೆ ನೋಡಿಕೊಳ್ಳುವುದು ಅವರಿಗೆ ಅಭ್ಯಾಸವಾಗಿತ್ತು.) ಹೀಗಾಗಿ ಎಡರೆಕ್ಕೆ ಮುಗಿದು ಎಷ್ಟೋ ಕಾಲವಾದರೂ ಬಲಗಡೆ ಬರೀ ಕಟ್ಟಿಗೆಯ ಗೂಡು. ಬಲರೆಕ್ಕೆ ಹೇಗಿತ್ತು ಎಂಬ ಬಗ್ಗೆ ಸಭೆಯ ಮೇಲೆ ಸಭೆ ನಡೆದಿತ್ತು. ಇತ್ತು ಎನ್ನಲು ಪುರಾವೆ ಏನು ಎಂದು ಒಬ್ಬರು ಕೇಳಿ, ಎರಡು ಸಭೆ ಅದಕ್ಕೇ ಹೋಯಿತು.

ಸಾಹೇಬರಿಗೆ ರೆಕ್ಕೆಯ ಚಿಂತೆ ಅಷ್ಟಿರಲಿಲ್ಲ. ಅವರ ಕಣ್ಣು ವೈಮಾನಿಕನ ಸೀಟಿನ ಮೇಲೆ. ಕಚೇರಿಯ ಪ್ರತಿ ಗ್ರೂಪ್ ಫೋಟೋದಲ್ಲೂ ಅವರಿಗೆ ಹಿಂದಿನ ಸಾಲು, ಅದರಲ್ಲೂ ಕೊನೆ. ಅರ್ಧ ಕಿವಿ ಬಂದಿದ್ದರೆ ಅದೇ ದೊಡ್ಡದು. ಉದ್ಘಾಟನೆಯ ದಿನ ಆ ಸೀಟಿನಲ್ಲಿ ಕೂತು ಪೇಪರಿನಲ್ಲಿ ಬರಬೇಕೆಂಬ ಒಂದೇ ಆಸೆಯಿಂದ ಸೀಟು ಮಾಡುವ ಕೆಲಸವನ್ನು ಕೇಳಿ ಪಡೆದಿದ್ದರು. ಫೋಟೋದ ಮೇಲೆ ಸ್ಕೇಲಿಟ್ಟು ಅಳೆದು, ಕೂದಲೆಳೆಯಷ್ಟೂ ವ್ಯತ್ಯಾಸ ಬರದಂತೆ ಮಾಡಿ ಮುಗಿಸಿದರು. ಬೇರೆ ಯಾರಾದರೂ ಕೂತುಬಿಟ್ಟಾರೆಂದು ಹೆದರಿ, ಉದ್ಘಾಟನೆಗೆ ಮುಂಚೆ ಯಾರೂ ಅದರಲ್ಲಿ ಕೂರಕೂಡದು ಎಂಬ ನಿಯಮವನ್ನೂ ತಾವೇ ಪಾಸು ಮಾಡಿಸಿದರು.

ಎಡವಟ್ಟಾದದ್ದು ಬಟ್ಟೆಯಿಂದ. ಎಡರೆಕ್ಕೆಗೆ ಹೊದಿಸಲು ಬಟ್ಟೆ ಸಾಲದೆ ಬಂದಾಗ ಸಾಹೇಬರು ಮನೆಯ ಬೀರುವಿನಿಂದ ಹೊಸ ಬಿಳಿ ಬೆಡ್‌ಶೀಟುಗಳನ್ನು ಸದ್ದಿಲ್ಲದೆ ಸಾಗಿಸಿದ್ದರು. ಒಂದು ಮಧ್ಯಾಹ್ನ ಹೆಂಡತಿ ಶೆಡ್ಡಿನ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ಅದು ನನ್ನ ಬೆಡ್‌ಶೀಟು."

"ಅಮ್ಮಾ, ಅದು ರೆಕ್ಕೆ" ಎಂದರು ಅಧ್ಯಕ್ಷರು.

"ರೆಕ್ಕೆ ಈಗಾಯ್ತು." ಆಕೆ ಬೆರಳಿಂದ ಒಂದು ಹೊಲಿಗೆ ಎಳೆದಳು. ದಾರ ಸರ್ರನೆ ಕಿತ್ತು ಬಂತು. "ಯಾರು ಹೊಲಿದದ್ದು?"

ಎಲ್ಲರೂ ಸಾಹೇಬರ ಕಡೆ ನೋಡಿದರು. ಸಾಹೇಬರು ಪ್ರೊಪೆಲ್ಲರಿನ ಕಡೆ ನೋಡಿದರು.

"ಸರಿ, ಆ ಕಡೆ ಯಾಕೆ ಬೋಳು ಬಿಟ್ಟಿದ್ದೀರಿ?"

"ಸಂಶೋಧನೆ ನಡೀತಿದೆಯಮ್ಮ. ಫೋಟೋದಲ್ಲಿ ಬಲಗಡೆ ಕಾಣಲ್ಲ."

"ಎಡಗಡೆ ಹೇಗಿದೆಯೋ ಬಲಗಡೆನೂ ಹಾಗೇ ಇರುತ್ತಪ್ಪ! ಅಂಗಿಗೆ ಒಂದು ತೋಳು ಹೊಲಿದು, ಇನ್ನೊಂದಕ್ಕೆ ಫೋಟೋ ಹುಡುಕ್ತೀರಾ?"

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು, "ಈ ದೃಷ್ಟಿಕೋನ ಯಾವ ಸಭೆಯಲ್ಲೂ ಬಂದಿರಲಿಲ್ಲ" ಎಂದರು. ಅಂದಿನಿಂದ ಹೊಲಿಗೆಯ ಉಸ್ತುವಾರಿ ಆಕೆಗೆ ಹೋಯಿತು. ಹಳೆಯದನ್ನೆಲ್ಲ ಬಿಚ್ಚಿ ಹೊಲಿದಳು, ಬಲರೆಕ್ಕೆಯನ್ನೂ ಮುಗಿಸಿದಳು. ಸಾಹೇಬರು ಸೂಜಿಗೆ ದಾರ ಪೋಣಿಸಿಕೊಟ್ಟರು. ಅವಮಾನವಾದದ್ದು ನಿಜ, ಆದರೆ ಸೀಟು ತಮ್ಮದೇ ತಾನೇ ಎಂದು ಸಮಾಧಾನ ಮಾಡಿಕೊಂಡರು.

ಉದ್ಘಾಟನೆಯ ದಿನ ಬಂತು. ಚರ್ಮದ ಟೋಪಿ, ದಪ್ಪ ಕನ್ನಡಕ ಧರಿಸಿ, ಜನರತ್ತ ಕೈಬೀಸಿ, ಸಾಹೇಬರು ವಿಮಾನಾರೋಹಣ ಮಾಡಿದರು. ಕಾಲು ಇಳಿಯಿತು. ಮಂಡಿ ಇಳಿಯಿತು. ಸೊಂಟಕ್ಕೆ ಬಂದಾಗ ನಿಂತಿತು. ಉಸಿರು ಬಿಗಿಹಿಡಿದು ಒತ್ತಿದರು. ಮರ ಕಿರ್ರೆಂದಿತು.

"ಮೂಲ ವೈಮಾನಿಕ ಸಣಕಲ ಇದ್ದ ಅಂತ ಕಾಣುತ್ತೆ" ಎಂದರು ಅಧ್ಯಕ್ಷರು. "ಸೀಟು ಮಾತ್ರ ಅತ್ಯಂತ ಕರಾರುವಾಕ್ಕು."

"ಮೊದಲು ಇಳೀರಿ, ನನ್ನ ಬೆಡ್‌ಶೀಟು ಹರಿಯುತ್ತೆ!" ಎಂದು ಹೆಂಡತಿ ಕೂಗಿದಳು.

ಮೂವರು ಸೇರಿ ಸಾಹೇಬರನ್ನು ಮೇಲಕ್ಕೆ ಕಿತ್ತರು. ಪೇಪರಿನವನು ಗಡಿಯಾರ ನೋಡಿಕೊಂಡು, "ಯಾರಾದರೂ ಬೇಗ ಕೂರಿ ಸರ್" ಎಂದ. ಅಲ್ಲಿದ್ದ ಗಂಡಸರೆಲ್ಲ ತಮ್ಮ ತಮ್ಮ ಹೊಟ್ಟೆ ನೋಡಿಕೊಂಡು ಹಿಂದೆ ಸರಿದರು. ಕೊನೆಗೆ ಹೆಂಡತಿ ಗಂಡನ ತಲೆಯಿಂದ ಟೋಪಿ ತೆಗೆದು ತನಗೆ ಹಾಕಿಕೊಂಡು, ಸಲೀಸಾಗಿ ಹತ್ತಿ ಕೂತಳು. ಸೀಟು ಅಳತೆ ಕೊಟ್ಟು ಮಾಡಿಸಿದಂತಿತ್ತು.

"ಬಾಲ ಹಿಡಿಯೋಕೆ ಒಬ್ಬರು ಬೇಕು" ಎಂದು ಅಧ್ಯಕ್ಷರು ಸಾಹೇಬರ ಹೆಗಲ ಮೇಲೆ ಕೈಯಿಟ್ಟರು. "ತಲೆ ತಗ್ಗಿಸಿ, ಇನ್ನೂ ಸ್ವಲ್ಪ. ಹಾಂ, ಫೋಟೋದಲ್ಲಿ ಇದ್ದ ಹಾಗೆಯೇ!"

ಮರುದಿನ ಪೇಪರಿನಲ್ಲಿ ಹೆಂಡತಿಯ ನಗುಮುಖ ಅಂಗೈಯಗಲ ಬಂದಿತ್ತು. ಸಾಹೇಬರ ಕಿವಿಯೂ ಬಂದಿರಲಿಲ್ಲ.

ಮುಂದಿನ ಭಾನುವಾರ ಆಕೆ ಬೇಗ ಊಟ ಮುಗಿಸಿ ಚಪ್ಪಲಿ ಮೆಟ್ಟಿದಳು. ಎರಡನೆಯ ವಿಮಾನದ ಸಭೆಯಂತೆ. ಈಗ ಆಕೆ ಉಪಾಧ್ಯಕ್ಷೆ.

"ನಾನು?" ಎಂದರು ಸಾಹೇಬರು.

"ನಿಮಗೆ ಕಪಾಟಿನ ಬಾಗಿಲಿದೆಯಲ್ಲ."

ಸಾಹೇಬರು ಸ್ಕ್ರೂಡ್ರೈವರ್ ಹಿಡಿದು ಜೋತಾಡುವ ಬಾಗಿಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಿಟಕಿಗೆ ಬಂದು ಕೂಗಿದರು: "ಇದನ್ನ ಹೇಗೆ ಕೂರಿಸೋದೇ?"

ಬೀದಿಯ ತಿರುವಿನಿಂದ ಉತ್ತರ ಬಂತು: "ಎಡಗಡೆದು ನೋಡ್ಕೊಂಡು ಮಾಡ್ರೀ!"